ಸಂಡೇ ಸ್ಕೂಲಿನ ಕೋಣೆಯ ಕೀಲಿಕೈ ಕೊಡಿ: ನಮ್ಮ ಸಭೆಯ ಹಿರಿಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಭಾಪಾಲಕರಿಗೆ, ಸಭಾಪಾಲನಾ ಸಮಿತಿಯ ಹಿರಿಯರಿಗೆ ಮತ್ತು ನಮ್ಮ ಸಭೆಯ ಎಲ್ಲ ತಂದೆತಾಯಂದಿರಿಗೆ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು.

ನಾನು ಹುಬ್ಬಳ್ಳಿಯ ನಮ್ಮ ಸಭೆಯಲ್ಲಿ 26 ವರ್ಷಗಳಿಂದ ಸಂಡೇ ಸ್ಕೂಲ್ ನಡೆಸುತ್ತ ಬಂದವಳು. ಅದರಲ್ಲಿ 14 ವರ್ಷ ದೃಢೀಕರಣದ ತರಗತಿಯೂ ನನ್ನ ಕೈಯಲ್ಲೇ ಇದೆ. ದೀಕ್ಷಾಸ್ನಾನವಾದ ಮಕ್ಕಳು ಬೆಳೆದ ಮೇಲೆ ತಮ್ಮ ವಿಶ್ವಾಸವನ್ನು ತಾವೇ ಸಭೆಯ ಮುಂದೆ ಒಪ್ಪಿಕೊಳ್ಳುವ ವಿಧಿಯೇ ದೃಢೀಕರಣ. ಈ ಪತ್ರದಲ್ಲಿರುವ ಮಾತುಗಳನ್ನು ಮೊದಲು ಸಮಿತಿಗೇ ಬರೆದಿದ್ದೆ, ಒಂದು ಸಲ ಅಲ್ಲ, ಎರಡು ಸಲ. ಎರಡಕ್ಕೂ ಉತ್ತರ ಬರಲಿಲ್ಲ. ಆರಾಧನೆ ಮುಗಿದು ಮೆಟ್ಟಿಲು ಇಳಿಯುವಾಗ ಒಬ್ಬ ಹಿರಿಯರು "ನೋಡೋಣಂತ್ರಿ ಅಕ್ಕೋರ" ಅಂದರು, ಅಷ್ಟೇ. ಹಾಗಾಗಿ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ಸಭೆಯ ಹೆಸರನ್ನಾಗಲಿ, ಯಾರ ಹೆಸರನ್ನಾಗಲಿ ಬರೆದಿಲ್ಲ. ಯಾರನ್ನೂ ತಲೆತಗ್ಗಿಸುವಂತೆ ಮಾಡುವುದು ನನ್ನ ಉದ್ದೇಶವಲ್ಲ. ಧಾರವಾಡದಲ್ಲೋ ಗದಗದಲ್ಲೋ ಇನ್ನೊಂದು ಸಭೆಯವರು ಇದನ್ನು ಓದಿ ನಮ್ಮಲ್ಲೂ ಹೀಗೇ ಇದೆ ಅಂದುಕೊಂಡರೆ ಅವರಿಗೂ ಇದು ಬರೆದದ್ದೇ.

ನಡೆದದ್ದನ್ನು ಮೊದಲು ಹೇಳುತ್ತೇನೆ.

ನಮ್ಮಲ್ಲಿ ದೃಢೀಕರಣದ ತರಗತಿ ದಸರಾ ರಜೆ ಮುಗಿದ ಮೇಲೆ ಶುರುವಾಗಿ ಈಸ್ಟರಿನ ಹಿಂದಿನ ವಾರ ಬರುವ ಗರಿಗಳ ಭಾನುವಾರದವರೆಗೆ ನಡೆಯುತ್ತಿತ್ತು. ಮಕ್ಕಳು ದಶಾಜ್ಞೆ, ಕರ್ತನ ಪ್ರಾರ್ಥನೆ, ವಿಶ್ವಾಸ ಪ್ರಮಾಣ ಕಲಿಯುತ್ತಿದ್ದರು. ದೀಕ್ಷಾಸ್ನಾನ ಅಂದರೇನು, ಕರ್ತನ ಭೋಜನಕ್ಕೆ ಹೇಗೆ ಬರಬೇಕು ಅನ್ನುವುದನ್ನು ಕೇಳುತ್ತಿದ್ದರು, ಎದುರು ಪ್ರಶ್ನೆ ಹಾಕುತ್ತಿದ್ದರು. ಈ ವರ್ಷ ಇದಕ್ಕೆಲ್ಲ ಸಮಿತಿ ಕೊಟ್ಟದ್ದು ಮೂರು ಭಾನುವಾರ. ಮಕ್ಕಳಿಗೆ ಟ್ಯೂಶನ್ ಇದೆ, ಧಾರವಾಡದ ಕೋಚಿಂಗ್ ಇದೆ, ಬಿಷಪ್ ಅವರ ತಾರೀಖು ಆಗಲೇ ಸಿಕ್ಕಿಬಿಟ್ಟಿದೆ ಅಂತ ಕಾರಣ ಹೇಳಿದರು. ಆ ಮೂರರಲ್ಲಿ ಮೊದಲನೆಯದು ಅರ್ಜಿ ತುಂಬಿಸಲು, ಆಧಾರ್ ಜೆರಾಕ್ಸ್ ಮತ್ತು ಫೋಟೋ ಕೂಡಿಸಲು ಹೋಯಿತು. ಎರಡನೆಯದು ಬಿಳಿ ಬಟ್ಟೆಯ ಮಾತಿಗೆ, ಸಾಲಾಗಿ ನಡೆದು ಬರುವ ಅಭ್ಯಾಸಕ್ಕೆ. ಕಲಿಸಲು ಉಳಿದದ್ದು ಒಂದು ಭಾನುವಾರ. ಗಡಿಯಾರ ನೋಡಿದ್ದೆ, ಒಂದು ತಾಸು ಹತ್ತು ನಿಮಿಷ.

ದೃಢೀಕರಣದ ದಿನ ಪುಲ್ಪಿಟ್ಟಿನಿಂದ ಬಾಗಿಲವರೆಗೂ ಹೂವಿನ ಅಲಂಕಾರ. ಬಿಷಪ್ ಒಬ್ಬ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕೈ ತೆಗೆದರು. ಆಗ ಫೋಟೋ ತೆಗೆಯುವವನು, "ಸರ್, ಇನ್ನೊಮ್ಮೆ ಕೈ ಇಡ್ರಿ, ಬರಲಿಲ್ಲ" ಅಂದ. ಕೈ ಇನ್ನೊಮ್ಮೆ ಬಂತು, ಈ ಸಲ ಪ್ರಾರ್ಥನೆ ಇಲ್ಲದೆ. ಹುಡುಗಿ ಕಣ್ಣು ತೆರೆದು ಕ್ಯಾಮೆರಾ ಕಡೆ ನೋಡಿದಳು. ನಾನು ಎರಡನೇ ಬೆಂಚಿನಲ್ಲಿದ್ದೆ. ಎದ್ದು ನಿಂತು ಒಂದು ಮಾತು ಆಡಬೇಕಿತ್ತು, ಆಡಲಿಲ್ಲ. ಆ ಮೌನಕ್ಕಾಗಿ ಆ ಹುಡುಗಿಯ ಕ್ಷಮೆ ಕೇಳಿದ್ದೇನೆ.

ಹೊರಗೆ ಬಂದಾಗ ಒಬ್ಬ ಹುಡುಗ ಟೈ ಸಡಿಲಿಸಿಕೊಳ್ಳುತ್ತ ಕೇಳಿದ, "ಟೀಚರ್, ಇನ್ನ ಸಂಡೇ ಸ್ಕೂಲ್ ಮುಗೀತಲ್ರೀ?" ಎಸ್ಸೆಸ್ಸೆಲ್ಸಿಯ ಕೊನೆಯ ಪೇಪರ್ ಬರೆದು ಬಂದವರ ಮುಖದಲ್ಲಿ ಕಾಣುವ ನಿರಾಳ ಅವನ ಮುಖದಲ್ಲಿತ್ತು. ತಪ್ಪು ಅವನದಲ್ಲ. ಯೇಸುವಿನ ಹಿಂದೆ ನಡೆಯಲು ಶುರುಮಾಡುವ ದಿನವನ್ನು ನಾವು ಬಿಡುಗಡೆಯ ದಿನದಂತೆ ಏರ್ಪಾಡು ಮಾಡಿದ್ದೆವು.

ಇನ್ನೊಂದು ಮಾತು ಹೇಳಲೇಬೇಕು, ಹೇಳುವುದಕ್ಕೆ ಸಂಕಟವಾಗುತ್ತದೆ. ಬೇರೆ ವರ್ಷ ನನ್ನ ತರಗತಿಗೆ ಎಂಟೋ ಹತ್ತೋ ಜನ. ಈ ವರ್ಷ 23. ಅದರಲ್ಲಿ ಒಂಬತ್ತು ಜನ ಇಪ್ಪತ್ತು ದಾಟಿದವರು, ವರ್ಷಗಟ್ಟಲೆ ಆರಾಧನೆಯಲ್ಲಿ ಕಾಣದವರು. ಮುಂದಿನ ತಿಂಗಳುಗಳಲ್ಲಿ ಸಮಿತಿಯ ಚುನಾವಣೆ ಇದೆ. ದೃಢೀಕರಣವಾಗದೆ ನಮ್ಮ ಸಭೆಯ ಮತದಾರರ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಆ ಒಂಬತ್ತು ಜನರನ್ನು ಯಾರು ಮನೆಮನೆಗೆ ಹೋಗಿ ಕರೆತಂದರು ಅನ್ನುವುದು ಸಭೆಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಆ ಯುವಕರು ಬಂದದ್ದಕ್ಕೆ ನನಗೆ ನಿಜವಾಗಿ ಸಂತೋಷವಿದೆ. ಕರೆದವರು ಯೇಸುವಿನ ಹತ್ತಿರಕ್ಕೆ ಅಂತ ಕರೆದಿದ್ದರೆ ದೃಢೀಕರಣದ ಮರುವಾರ ಅವರಲ್ಲಿ ಒಬ್ಬರಾದರೂ ಬೆಂಚಿನಲ್ಲಿ ಕಾಣಬೇಕಿತ್ತು. ಒಬ್ಬರೂ ಇರಲಿಲ್ಲ.

ಮೊದಲ ಭಾನುವಾರ ಅರ್ಜಿಗಳ ಗಡಿಬಿಡಿಯಲ್ಲೇ ನಾನು 23 ಜನರಿಗೂ ಒಂದೊಂದು ಚೀಟಿ ಕೊಟ್ಟಿದ್ದೆ. ಒಂದು ವಾರ ನಿಮ್ಮ ಮನೆಯಲ್ಲಿ ಯಾರು, ಯಾವಾಗ ಸತ್ಯವೇದ ತೆರೆದರು, ಯಾವಾಗ ಪ್ರಾರ್ಥನೆ ಆಯಿತು, ಬರೆದು ತನ್ನಿ ಅಂದೆ. 17 ಚೀಟಿ ತಿರುಗಿ ಬಂದವು. ಹೆಚ್ಚಿನವುಗಳಲ್ಲಿ ಒಂದೇ ಶಬ್ದ: ಇಲ್ಲ. ಎರಡು ಚೀಟಿಗಳ ವಿಷಯ ಇಲ್ಲಿ ಹೇಳುತ್ತೇನೆ.

ಒಬ್ಬಳು ಹೀಗೆ ಬರೆದಿದ್ದಳು: "ಯಾರೂ ಓದಲಿಲ್ಲ. ಅಜ್ಜಿ ರೊಟ್ಟಿ ಮಾಡುವಾಗ ಏನೋ ಹೇಳುತ್ತಾಳೆ. ಆದರೆ ಅವಳಿಗೆ ಓದಲು ಬರುವುದಿಲ್ಲ, ಆದ್ದರಿಂದ ಅದನ್ನು ಬರೆದಿಲ್ಲ." ಬರೆದಿಲ್ಲ ಅಂತ ಬರೆದೇ ಇಟ್ಟಿದ್ದಳು. ನಾನು ಒಂದು ಸಂಜೆ ಅವರ ಮನೆಗೆ ಹೋದೆ. ಗದಗ ರಸ್ತೆಯ ಕಡೆ, ಎರಡು ಕೋಣೆಯ ಬಾಡಿಗೆ ಮನೆ. ಅಜ್ಜಿಗೆ ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕೂಡಲಾಗುವುದಿಲ್ಲ, ಗ್ಯಾಸಿನ ಕಟ್ಟೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಜೋಳದ ಹಿಟ್ಟು ನಾದಿ ಉಂಡೆ ಕಟ್ಟಿ ಬಡಿಯಲು ಶುರುಮಾಡಿದಾಗ ಬಾಯಿಂದ ಇಪ್ಪತ್ತಮೂರನೆಯ ಕೀರ್ತನೆಯೂ ಶುರುವಾಯಿತು. ಹಸಿರು ಹುಲ್ಲುಗಾವಲು ಬರುವಾಗ ರೊಟ್ಟಿ ಅಂಗೈಯಗಲ ಆಗಿತ್ತು. ಕತ್ತಲ ಕಣಿವೆ ದಾಟುವಾಗ ತಟ್ಟೆಯಗಲ. ಪಾತ್ರೆ ತುಂಬಿ ಹೊರಸೂಸುವ ಹೊತ್ತಿಗೆ ರೊಟ್ಟಿ ಹಂಚಿನ ಮೇಲೆ ಬಿದ್ದು, ಅಜ್ಜಿ ಅರಿವೆಯಿಂದ ನೀರು ಸವರುತ್ತಿದ್ದರು. ಮತ್ತೊಂದು ಉಂಡೆ ತೆಗೆದರು, ಕೀರ್ತನೆ ಮತ್ತೆ ಮೊದಲಿನಿಂದ. ಹನ್ನೊಂದು ರೊಟ್ಟಿ ಆದವು.

"ಯಾರು ಕಲಿಸಿದ್ರಿ ಅಜ್ಜಿ?" ಅಂದೆ.

"ಕಲಿಸೂದೇನ್ರಿ ಅಕ್ಕೋರ. ಬೆಟಗೇರಿ ಮನ್ಯಾಗ ನಮ್ಮವ್ವ ಬೀಸುಕಲ್ಲಿನ ಮುಂದ ಅಂತಿದ್ಲು. ಕಲ್ಲಿನ ಗೂಟಕ್ಕ ನಾನೂ ಕೈ ಹಚ್ಚತಿದ್ದೆ. ಬಂತು."

ಮೊಮ್ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅಜ್ಜಿ ಹೇಳುವ "ಏನೋ" ಸತ್ಯವೇದದ ಒಳಗಿನದು ಅಂತ ಅವಳಿಗೆ ಗೊತ್ತಾದದ್ದು ಆವತ್ತು. ಹದಿನೈದು ವರ್ಷ ಒಂದೇ ಮನೆಯಲ್ಲಿದ್ದಾಳೆ, ಒಂಬತ್ತು ವರ್ಷ ನನ್ನ ಸಂಡೇ ಸ್ಕೂಲಿನಲ್ಲಿ ಕೂತಿದ್ದಾಳೆ. ಅವಳಿಗೆ ಇದು ಗೊತ್ತಿರಲಿಲ್ಲ ಅಂದರೆ ಕಲಿಸಿದ ನನ್ನ ತಪ್ಪು ಮೊದಲು, ನಿಮ್ಮದು ಆಮೇಲೆ. ವಚನ ಬಾಯಿಪಾಠ ಮಾಡಿಸಿ, ಪರೀಕ್ಷೆ ಇಟ್ಟು, ಪೆನ್ಸಿಲ್ ಬಾಕ್ಸು ಬಹುಮಾನ ಕೊಟ್ಟು ಇಷ್ಟು ವರ್ಷ ಕಳೆದೆ. ನಿಮ್ಮ ಮನೆಯಲ್ಲಿ ಯಾರ ಹತ್ತಿರ ಈ ವಚನ ಇದೆ, ಹೋಗಿ ಕೇಳಿಕೊಂಡು ಬನ್ನಿ ಅಂತ ಒಂದು ದಿನವೂ ಕಳಿಸಿರಲಿಲ್ಲ.

ಎರಡನೇ ಚೀಟಿಯನ್ನು ಬರೆದವರು ಯಾರು ಅನ್ನುವುದು ತಿಳಿಯದ ಹಾಗೆ ಹೇಳುತ್ತೇನೆ, ಮನೆಯವರ ಒಪ್ಪಿಗೆ ಪಡೆದು. "ಅಪ್ಪ ಕುಡಿದು ಬಂದ ದಿನ ಅವ್ವ ಜೋರಾಗಿ ಗೀತೆ ಹಾಡುತ್ತಾಳೆ, ಬೈಗುಳ ನಮಗೆ ಕೇಳಿಸಬಾರದು ಅಂತ." ಆ ತಂದೆ ಹಬ್ಬದ ದಿನ ಮುಂದಿನ ಬೆಂಚಿನಲ್ಲಿ ಕೂಡುವವರು, ಸುಗ್ಗಿ ಹಬ್ಬದ ಹರಾಜಿನಲ್ಲಿ ಜೋರಾಗಿ ಕೂಗುವವರು. ಆ ತಾಯಿಯನ್ನು ಕೇಳಿಕೊಂಡೇ ನಾನು ಒಬ್ಬ ಹಿರಿಯರ ಹತ್ತಿರ ಹೋದೆ, ಮನೆಗೆ ಹೋಗಿ ಮಾತಾಡಿಸಿ ಬನ್ನಿ ಅಂದೆ. "ಅದು ಅವರ ಮನಿ ವಿಷಯ ಅಕ್ಕೋರ, ಸಭೆ ನಡುವ ಬರಬಾರದು" ಅಂದರು. ಚಂದಾ ಬಾಕಿ ಇದ್ದರೆ ಸಭೆ ಆ ಮನೆಗೆ ಹೋಗುತ್ತದೆ. ಮತ ಬೇಕಾದರೆ ಹೋಗುತ್ತದೆ. ತನ್ನ ಮನೆಯನ್ನು ಸರಿಯಾಗಿ ನಡೆಸಲಾರದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಅಂತ ಪೌಲನು ತಿಮೊಥೆಯನಿಗೆ ಬರೆದ. ಮನೆಯ ವಿಷಯ ಸಭೆಯದಲ್ಲ ಅನ್ನುವುದಕ್ಕೆ ಅಲ್ಲಿ ಎಡೆಯೇ ಇಲ್ಲ.

ಹಿರಿಯರೇ, ಶಿಷ್ಯ ಅನ್ನುವ ಮಾತು ನಮ್ಮ ಸೀಮೆಗೆ ಯಾರೂ ಹೊರಗಿನಿಂದ ತಂದು ಕಲಿಸಬೇಕಾದದ್ದಲ್ಲ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತು ಕಲಿತದ್ದು ಈ ಊರಿನ ಮಕ್ಕಳಿಗೂ ಗೊತ್ತು. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ಗುರುವಿನ ಜೊತೆಗೇ ಇದ್ದು, ಉಂಡು, ಮಲಗಿ, ಹಾಡು ಕಲಿಯುತ್ತಾರೆ. ಶಿಶುನಾಳದ ಶರೀಫರು ಗೋವಿಂದ ಭಟ್ಟರ ಹಿಂದೆ ಹೋದದ್ದು ಸರ್ಟಿಫಿಕೇಟಿಗಾಗಿ ಅಲ್ಲ. ಒಂದು ರಾಗ ಹಿಡಿಯಲು ಮೂರು ಭಾನುವಾರ ಸಾಕು ಅಂದರೆ ಧಾರವಾಡದಲ್ಲಿ ಯಾರೂ ನಂಬುವುದಿಲ್ಲ. ಯೇಸು ತನ್ನ ಹನ್ನೆರಡು ಜನರನ್ನು ಜೊತೆಗೆ ಕರೆದುಕೊಂಡು ನಡೆದ. ಅವರು ಅವನ ಜೊತೆ ದೋಣಿಯಲ್ಲಿ ಹೆದರಿದರು, ಹೊಲದಲ್ಲಿ ತೆನೆ ಕಿತ್ತು ತಿಂದರು, ಅವನು ಪ್ರಾರ್ಥಿಸುವುದನ್ನು ಕಣ್ಣಾರೆ ಕಂಡ ಮೇಲೆ ನಮಗೂ ಪ್ರಾರ್ಥನೆ ಕಲಿಸು ಅಂದರು. ನಮ್ಮ ಮಕ್ಕಳು ಪ್ರಾರ್ಥಿಸುವ ದೊಡ್ಡವರನ್ನು ಎಲ್ಲಿ ನೋಡಬೇಕು?

ನಮ್ಮ ಪಕ್ಕದ ಮನೆಯ ಅಕ್ಕ ಲಿಂಗಾಯತರು. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಆಗುವ ತನಕ ಬಾಯಿಗೆ ಚಹಾ ಕೂಡ ಹಾಕುವುದಿಲ್ಲ. ಅವರ ಮೊಮ್ಮಗ ಇನ್ನೂ ಶಾಲೆಗೆ ಹೋಗದವನು, ಅಜ್ಜಿಯ ಪಕ್ಕ ಕೂತು ತನ್ನ ಪುಟ್ಟ ಅಂಗೈಯನ್ನೂ ಹಾಗೇ ಹಿಡಿಯುತ್ತಾನೆ. ಅವನಿಗೆ ಯಾರೂ ತರಗತಿ ನಡೆಸಿಲ್ಲ. ಅದನ್ನು ದಿನಾ ಬೆಳಿಗ್ಗೆ ಕಾಂಪೌಂಡಿನ ಈಚೆಯಿಂದ ನೋಡುತ್ತೇನೆ, ಮತ್ತು ನಮ್ಮ ಮನೆಗಳ ನೆನಪಾಗುತ್ತದೆ.

ಇದು ನಮ್ಮಲ್ಲೂ ಇತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಅವರಲ್ಲಿ ಬಹಳ ಜನ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ಆ ಸೀಮೆಯ ಭಕ್ತರಲ್ಲಿ ಮನೆಗಳಲ್ಲಿ ಕೂಡಿ ಸತ್ಯವೇದ ಓದುವ ರೂಢಿ ಮೊದಲೇ ಇತ್ತು. 1670ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸ್ಪೇನರ್ ಎಂಬ ಪಾದ್ರಿ ಅಂಥ ಮನೆಕೂಟಗಳಿಗೆ ದಾರಿ ಹಾಕಿದ್ದ. ಆ ರೂಢಿಯನ್ನೇ ಅವರು ಇಲ್ಲಿಗೂ ತಂದರು. 1853ರಲ್ಲಿ ಬಂದ ಕಿಟೆಲ್ ಅವರನ್ನು ನಾವು ನಿಘಂಟಿಗಾಗಿ ನೆನೆಯುತ್ತೇವೆ, ಸರಿಯೇ. ಅದಕ್ಕಿಂತ ಎಷ್ಟೋ ಮೊದಲು, 1862ರಲ್ಲಿ, ಅವರು ಯೇಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ ಬರೆದರು. ಜನರ ಬಾಯಲ್ಲಿ ನಿಲ್ಲುವಂಥದ್ದು ಬೇಕು ಅಂತ ಅವರಿಗೆ ಹೊಳೆದಿತ್ತು.

ಜರ್ಮನಿಯ ಸಭಾ ಸುಧಾರಕ ಲೂಥರ್ 1529ರಲ್ಲಿ ವಿಶ್ವಾಸದ ಮೂಲಪಾಠಗಳ ಸಣ್ಣ ಪ್ರಶ್ನೋತ್ತರ ಬರೆದದ್ದೂ ಇಂಥದೇ ಸಂಕಟದಿಂದ. ಹಳ್ಳಿಯ ಸಭೆಗಳನ್ನು ಸುತ್ತಿ ಬಂದಾಗ ಜನರಿಗೆ, ಎಷ್ಟೋ ಕಡೆ ಪಾದ್ರಿಗಳಿಗೂ, ಏನೂ ತಿಳಿಯದೆಂದು ಕಂಡಿತು. ಬರೆದ ಮೇಲೆ ಅದರ ಒಂದೊಂದು ಭಾಗದ ತಲೆಯ ಮೇಲೂ ಮನೆಯ ಯಜಮಾನ ತನ್ನ ಮನೆಯವರಿಗೆ ಇದನ್ನು ಕಲಿಸಬೇಕು ಅಂತ ಹಾಕಿದ. ದೃಢೀಕರಣಕ್ಕೆ ನಾವು ಬಾಯಿಪಾಠ ಮಾಡಿಸುವ ಪ್ರಶ್ನೋತ್ತರದ ಬೇರು ಇರುವುದು ಊಟದ ಮನೆಯಲ್ಲಿ. ಸಂಡೇ ಸ್ಕೂಲ್ ಕೂಡ ಮನೆಯ ಜಾಗಕ್ಕೆ ಬಂದದ್ದಲ್ಲ. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ 1780ರಲ್ಲಿ ರಾಬರ್ಟ್ ರೇಕ್ಸ್ ಅದನ್ನು ಶುರುಮಾಡಿದ್ದು ವಾರದ ಆರು ದಿನ ದುಡಿಯುವ ಬಡ ಮಕ್ಕಳಿಗೆ ಅಕ್ಷರ ಕಲಿಸಲು. ಅದನ್ನು ಹಿಡಿದುಕೊಂಡು ನಾವು ತಂದೆತಾಯಿಯರು ಕೈ ತೊಳೆದುಕೊಂಡೆವು.

1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಸರಕಾರ ಜರ್ಮನ್ ಮಿಷನರಿಗಳನ್ನು ಹಿಡಿದು ಶಿಬಿರದಲ್ಲಿಟ್ಟು ಆಮೇಲೆ ತಮ್ಮ ದೇಶಕ್ಕೆ ಕಳಿಸಿಬಿಟ್ಟಿತು. ಸಭೆಗಳ ಭಾರ ಇಲ್ಲಿಯ ಉಪದೇಶಿಗಳ ಮೇಲೆ, ಮನೆಗಳ ಮೇಲೆ ಬಿತ್ತು. ಆ ಕಾಲ ದಾಟಿ ವಿಶ್ವಾಸ ನಮ್ಮ ತನಕ ಬಂದಿದೆಯಲ್ಲ, ಅದರಲ್ಲಿ ಬೀಸುಕಲ್ಲಿನ ಮುಂದೆ ಕೂತವರ ಪಾಲು ದೊಡ್ಡದು ಅಂತ ನಾನು ನಂಬಿದ್ದೇನೆ.

ತಂದೆತಾಯಿಯರೇ, ನಿಮ್ಮ ತಾಪತ್ರಯ ನನಗೆ ತಿಳಿಯದ್ದಲ್ಲ. ನಮ್ಮ ಯಜಮಾನರು ರೈಲ್ವೆ ವರ್ಕ್‌ಶಾಪಿನಲ್ಲಿ ಪಾಳಿಯ ಮೇಲೆ ದುಡಿದವರು. ನಾಲ್ಕು ಜನ ಒಟ್ಟಿಗೆ ಕೂತು ಊಟ ಮಾಡುವುದೇ ಅಪರೂಪವಾಗಿತ್ತು. ನೈಟ್ ಡ್ಯೂಟಿ ಮುಗಿಸಿ ಬಂದ ನರ್ಸ್ ತಾಯಿಗೆ ಬೆಳಿಗ್ಗೆ ಕುಟುಂಬ ಪ್ರಾರ್ಥನೆ ನಡೆಸು ಅಂದರೆ ಅದು ಕ್ರೂರತನ. ಉದ್ದ ಪ್ರಾರ್ಥನೆ ಬೇಡ, ಪ್ರಸಂಗ ಬೇಡ. 2020ರ ಲಾಕ್‌ಡೌನಿನಲ್ಲಿ ದೇವಾಲಯದ ಬಾಗಿಲು ಮುಚ್ಚಿದಾಗ ನಮ್ಮ ಎಷ್ಟೋ ಮನೆಗಳಲ್ಲಿ ಫೋನನ್ನು ಡಬ್ಬಿಗೆ ಒರಗಿಸಿಟ್ಟು ಆರಾಧನೆ ನೋಡಿದೆವು. ಮೂರು ಕುಟುಂಬಗಳು ಆರಾಧನೆ ಮುಗಿದ ಮೇಲೂ ಫೋನ್ ಆರಿಸಿ ತಾವೇ ಒಂದು ಗೀತೆ ಹಾಡುತ್ತಿದ್ದರು. ಆ ಮೂರರಲ್ಲಿ ಎರಡು ಮನೆಗಳಲ್ಲಿ ಅದು ಇವತ್ತಿಗೂ ನಿಂತಿಲ್ಲ, ರಾತ್ರಿ ಊಟಕ್ಕೆ ಮೊದಲು, ಐದು ನಿಮಿಷ. ಯಾವ ಸಮಿತಿಯೂ ಅದನ್ನು ಠರಾವು ಮಾಡಿಸಿದ್ದಲ್ಲ.

ನನ್ನ ಮಗನ ಮಾತನ್ನೂ ಮುಚ್ಚಿಡುವುದಿಲ್ಲ. ಹದಿನೇಳು ವರ್ಷದವನಿದ್ದಾಗ ಅವನು ದೇವಾಲಯದ ಪಕ್ಕದ ಕೋಣೆಯಾದ ವೆಸ್ಟ್ರಿಯ ಬಾಗಿಲಲ್ಲಿ ನಿಂತು ಇಬ್ಬರು ಹಿರಿಯರು ಲೆಕ್ಕದ ಪುಸ್ತಕ ಎಳೆದಾಡುವುದನ್ನು ನೋಡಿದ. ಒಂದು ತಾಸು ಹಿಂದೆ ಅದೇ ಇಬ್ಬರು ಕಾಣಿಕೆ ಎತ್ತಿದ್ದರು. ಮನೆಗೆ ಬಂದವನು ಏನೂ ಆಡಲಿಲ್ಲ, ಮುಂದಿನ ಭಾನುವಾರ ಏಳಲಿಲ್ಲ. ಈಗ ಬೆಂಗಳೂರಿನಲ್ಲಿದ್ದಾನೆ. "ಅವ್ವಾ, ಯೇಸುವಿನ ಮ್ಯಾಲ ನಂಗೇನು ಸಿಟ್ಟಿಲ್ಲ" ಅನ್ನುತ್ತಾನೆ. ನಾನು ದಿನಾ ರಾತ್ರಿ ಅವನ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಇಂಥ ಮಕ್ಕಳು ಪ್ರತಿ ಎರಡನೇ ಮನೆಯಲ್ಲಿದ್ದಾರೆ. ಯುವಜನ ಯೂಟ್ಯೂಬ್ ಪಾಸ್ಟರುಗಳ ಹಿಂದೆ ಹೋದರು, ಹೊಸ ಸಭೆಗಳಿಗೆ ಹೋದರು ಅಂತ ನಾವು ದೂರುವಾಗ, ಅವರು ಹೊರಟ ಬಾಗಿಲಲ್ಲಿ ಏನು ಕಂಡು ಹೊರಟರು ಅಂತಲೂ ಕೇಳಿಕೊಳ್ಳಬೇಕು.

ಸಭಾಪಾಲಕರಾದ ಅಯ್ಯನವರೇ, ನಿಮ್ಮನ್ನು ದೂರುವ ಮನಸ್ಸು ನನಗಿಲ್ಲ. ನಿಮ್ಮ ವಾರದ ಎಷ್ಟು ದಿನ ಜಾಗದ ಕಾಗದಪತ್ರಕ್ಕೆ, ವಕೀಲರಿಗೆ, ಕಚೇರಿಗೆ ಹೋಗುತ್ತವೆ ಅನ್ನುವುದನ್ನು ಕಂಡಿದ್ದೇನೆ. ಕಾಯಿಲೆಯವರ ಮನೆಗೆ ರಾತ್ರಿ ಹತ್ತಕ್ಕೆ ನೀವು ಬೈಕಿನ ಮೇಲೆ ಬಂದದ್ದನ್ನೂ ಕಂಡಿದ್ದೇನೆ. ಆ ಕಾಗದಪತ್ರದ ಭಾರವನ್ನು ಸಮಿತಿ ತನ್ನ ಮೇಲೆ ತೆಗೆದುಕೊಂಡು ನಿಮ್ಮನ್ನು ಮನೆಗಳಿಗೆ ಬಿಡಬೇಕು ಅನ್ನುವುದು ನನ್ನ ಕೋರಿಕೆಯಲ್ಲಿ ಮೊದಲನೆಯದು.

ದೃಢೀಕರಣದ ತರಗತಿ ಮೊದಲಿನಂತೆ ದಸರಾದಿಂದ ಗರಿಗಳ ಭಾನುವಾರದವರೆಗೆ ನಡೆಯಬೇಕು. ಬಿಷಪ್ ಅವರ ತಾರೀಖಿಗೆ ತರಗತಿ ಮುಗಿಯದಿದ್ದರೆ ದೃಢೀಕರಣ ಮುಂದೆ ಹೋಗಲಿ, ಅದಕ್ಕೇನೂ ಅವಸರವಿಲ್ಲ. ಅಷ್ಟು ತಿಂಗಳ ತರಗತಿಗಳಲ್ಲಿ ಕೆಲವನ್ನಾದರೂ ಮಕ್ಕಳ ಮನೆಗಳಲ್ಲೇ ನಡೆಸಲು ಬಿಡಿ, ತಂದೆತಾಯಿ ಅಜ್ಜ ಅಜ್ಜಿ ಸಮೇತ. ಚುನಾವಣೆಯ ವರ್ಷ ದೃಢೀಕರಣವಾದವರ ಹೆಸರು ಆ ಚುನಾವಣೆಯ ಪಟ್ಟಿಗೆ ಸೇರದು ಅಂತ ಸಮಿತಿ ಠರಾವು ಮಾಡಲಿ. ಆಗ ಯಾರು ಯಾತಕ್ಕೆ ಬಂದರು ಅನ್ನುವ ಸಂಶಯದಿಂದ ಆ ಯುವಕರೂ ಪಾರಾಗುತ್ತಾರೆ. ಆರಾಧನೆಯ ನಡುವೆ ಫೋಟೋದವರು ಬಲಿಪೀಠದ ಹತ್ತಿರ ಹೋಗಕೂಡದು. ಸಮಿತಿಯ ಒಬ್ಬೊಬ್ಬ ಸದಸ್ಯರೂ ತಿಂಗಳಿಗೆ ಎರಡು ಮನೆಗೆ, ರಸೀದಿ ಪುಸ್ತಕ ಇಲ್ಲದೆ, ಹೋಗಿ ಕೂತು ಬರಬೇಕು. ಮನೆಯಲ್ಲಿ ಪೆಟ್ಟು ತಿನ್ನುವ ಹೆಣ್ಣುಮಕ್ಕಳು ನಿರ್ಭಯವಾಗಿ ಬಂದು ಹೇಳಿಕೊಳ್ಳಲು ಮಹಿಳಾ ಅನ್ಯೋನ್ಯ ಕೂಟದಿಂದ ಇಬ್ಬರನ್ನು ನೇಮಿಸಿ. ಅವರು ತಂದ ಮಾತನ್ನು "ಮನಿ ವಿಷಯ" ಅಂತ ತಳ್ಳಿಹಾಕಬೇಡಿ, ಪೊಲೀಸರವರೆಗೆ ಹೋಗಬೇಕಾದ್ದಿದ್ದರೆ ಸಭೆ ಅವರ ಜೊತೆ ನಿಲ್ಲಲಿ.

ಕೊನೆಗೆ ಕೋಣೆಯ ಮಾತು. ನಮ್ಮ ಸಂಡೇ ಸ್ಕೂಲಿನ ಕೋಣೆಯಲ್ಲಿ ಈಗ ಮದುವೆಗೆ ಬಾಡಿಗೆ ಕೊಡುವ ಪ್ಲಾಸ್ಟಿಕ್ ಕುರ್ಚಿಗಳಿವೆ, ಸೌಂಡ್ ಬಾಕ್ಸುಗಳಿವೆ. ಎರಡು ವರ್ಷದಿಂದ ಬಾಗಿಲಿಗೆ ಬೀಗ. ಮಕ್ಕಳು ಪಡಸಾಲೆಯಲ್ಲಿ, ಜನ ಚಪ್ಪಲಿ ಬಿಡುವ ಜಾಗದ ಪಕ್ಕ ಕೂಡುತ್ತಾರೆ.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ದೃಢೀಕರಣವಾದ 23 ಜನರನ್ನೂ ಮತ್ತೆ ಕರೆದಿದ್ದೇನೆ, ಆ ಒಂಬತ್ತು ಜನರ ಮನೆಗೆ ನಾನೇ ಹೋಗಿ ಹೇಳಿ ಬಂದಿದ್ದೇನೆ. ಬಿಟ್ಟುಹೋದ ಪಾಠಗಳನ್ನು ಮೊದಲಿನಿಂದ ಶುರುಮಾಡುತ್ತೇವೆ. ಕೋಣೆ ಸಿಗದಿದ್ದರೆ ಕಾಂಪೌಂಡಿನ ಬೇವಿನ ಗಿಡದ ಕೆಳಗೆ ಜಮಖಾನ ಹಾಸುತ್ತೇನೆ. ಗದಗ ರಸ್ತೆಯ ಆ ಅಜ್ಜಿಯೂ ಬರಲು ಒಪ್ಪಿದ್ದಾರೆ, ಮೊಮ್ಮಗಳು ಕೈ ಹಿಡಿದು ಕರೆದುಕೊಂಡು ಬರುತ್ತಾಳೆ. ಅವರು ನೆಲಕ್ಕೆ ಕೂಡಲಾರರು, ಒಂದು ಕುರ್ಚಿ ಬೇಕು. ಶನಿವಾರ ಸಂಜೆಯೊಳಗೆ ಕೀಲಿಕೈ ಕಳಿಸಿಕೊಡಿ.

ಇಂತು ಕರ್ತನಲ್ಲಿ ನಿಮ್ಮ ಸಹೋದರಿ,
ನಿಮ್ಮ ಮಕ್ಕಳ ಸಂಡೇ ಸ್ಕೂಲ್ ಶಿಕ್ಷಕಿ
ಹುಬ್ಬಳ್ಳಿ